ಸಹಾಯ ಬೇಕು: ವಿದ್ಯಾರ್ಥಿಗಳ ಸಾಕ್ಷ್ಯಚಿತ್ರ ಶಿಬಿರಕ್ಕೆ ಭಾಷೆ ಬಲ್ಲವರು, ಮೈಕು
ಎಲ್ಲರಿಗೂ ನಮಸ್ಕಾರ. ಕಾಸರಗೋಡು ಜಿಲ್ಲೆಯ ಬದಿಯಡ್ಕದಲ್ಲಿ 12 ಮಂದಿ ಪತ್ರಿಕೋದ್ಯಮ ವಿದ್ಯಾರ್ಥಿಗಳಿಗೆ 3 ದಿನದ ಶಿಬಿರವಿದೆ. ವಿಷಯ: 2000ದವರೆಗೂ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸಿಂಪಡಿಸಿದ ಗೇರು ತೋಟಗಳ ಸುತ್ತಲಿನ ಊರುಗಳು, ಇಂದಿನ ಸ್ಥಿತಿ.

ಮುಖ್ಯವಾಗಿ ಬೇಕಾದ್ದು ತುಳು, ಮಲಯಾಳ ಎರಡೂ ಬಲ್ಲ ಇಬ್ಬರು. ಸಾರಾಂಶ ಹೇಳುವವರು ಬೇಡ. ಆಡಿದ ಮಾತನ್ನು ಆಡಿದ ಹಾಗೆಯೇ ಬರೆದು, ಸಬ್‌ಟೈಟಲ್‌ಗೆ ನಿಮಿಷ-ಸೆಕೆಂಡು ಗುರುತಿಸಬೇಕು. ಸಾರಾಂಶದಲ್ಲಿ ಮಾತಾಡಿದ ಅಜ್ಜಿಯ ಸಿಟ್ಟು ಮಾಯವಾಗಿ ಬರೀ ಕಣ್ಣೀರು ಉಳಿಯುತ್ತದೆ. ಹೊರಗಿನವರ ವರದಿಗಳು ಕೆಡುವುದು ಹೆಚ್ಚಾಗಿ ಅಲ್ಲೇ.

4 ಕಾಲರ್ ಮೈಕು ಎರವಲು ಸಿಕ್ಕೀತೇ? ತಗಡಿನ ಮಾಡಿಗೆ ಮಳೆ ಹೊಯ್ದರೆ ಫೋನಿನ ಮೈಕಿಗೆ ಮಾತು ದಕ್ಕುವುದಿಲ್ಲ. ಗಲ್ಲದಿಂದ ಒಂದು ಗೇಣು ಕೆಳಗೆ ಸಿಕ್ಕಿಸಬೇಕು, ಸೆರಗು ಉಜ್ಜಬಾರದು. ಚಿತ್ರೀಕರಣಕ್ಕೆ ಬರುವವರು ಫೋನನ್ನು ಸೆಕೆಂಡಿಗೆ 25 ಫ್ರೇಮ್, ಶಟರ್ ವೇಗ 1/50 ಸೆಕೆಂಡಿಗೆ ಇಟ್ಟುಕೊಳ್ಳಿ. 1/60 ಇಟ್ಟರೆ ನಮ್ಮ 50 ಹರ್ಟ್ಸ್ ಕರೆಂಟಿನಲ್ಲಿ ಟ್ಯೂಬ್‌ಲೈಟ್ ಮಿನುಗುತ್ತದೆ.

ಕನ್ನಡದಲ್ಲಿ ಒಪ್ಪಿಗೆ ಪತ್ರದ ಮಾದರಿ ಇದ್ದವರು ದಯವಿಟ್ಟು ಹಾಕಿ. ಬರೀ ಸಹಿಯದ್ದಲ್ಲ, ಎಲ್ಲೆಲ್ಲಿ ತೋರಿಸುತ್ತೇವೆ, ಆಮೇಲೆ ಬೇಡವೆನ್ನುವುದು ಹೇಗೆ ಎಂಬುದನ್ನು ಓದಿ ಹೇಳಿ ರೆಕಾರ್ಡ್ ಮಾಡುವಂಥದ್ದು. ಹಾಸಿಗೆ ಹಿಡಿದ ಮಕ್ಕಳ ಮುಖ ತೆಗೆಯುವುದಿಲ್ಲ, ಹೆತ್ತವರು ಒಪ್ಪಿದರೂ.