‘ಬಿಡಿಸು’ ಎಂದರೆ ಬರೆಯುವುದೋ, ಹೊರತೆಗೆಯುವುದೋ?

ಹಳೆಯ ಮಣ್ಣಿನ ಮನೆಗಳ ದುರಸ್ತಿಯ ಕೈಪಿಡಿಯೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಮೂಲದಲ್ಲಿರುವುದು ‘ಅಡೋಬಿ’. ಪ್ರಾಚೀನ ಈಜಿಪ್ಟಿನ ಭಾಷೆಯಲ್ಲಿ ಹುಟ್ಟಿ, ಅರಬ್ಬಿಯ ಮೂಲಕ ಸ್ಪ್ಯಾನಿಷಿಗೆ ಬಂದ ಪದ. ಅದಕ್ಕೆ ‘ಹಸಿ ಇಟ್ಟಿಗೆ’ ಎಂದಿಟ್ಟಿದ್ದೇನೆ, ತಕರಾರಿಲ್ಲ. ಸಿಕ್ಕಿಕೊಂಡಿರುವುದು ಬೇರೆ ಎರಡು ಕಡೆ.

ಮೊದಲನೆಯದು ‘ಫಿನಿಶ್’, ಅಂದರೆ ಗೋಡೆಯ ಹೊರಮೈಗೆ ಕೊಟ್ಟ ಕೊನೆಯ ರೂಪ. ಹಿಂದಿನ ಕರಡಿನಲ್ಲಿ ‘ಗೋಡೆಯ ಮೂಲ ಮುಕ್ತಾಯ’ ಎಂದಿತ್ತು. ಓದಿದವರು ಗೋಡೆ ಎಲ್ಲಿ ಮುಗಿಯಿತೆಂದು ಹುಡುಕಬೇಕು! ‘ಒಪ್ಪ’ ಚೆಲುವಾದ ಪದವೇ, ಆದರೆ ಅದರಲ್ಲಿ ಮಿರುಗು ಇದೆ. ಮಣ್ಣು ಮೆತ್ತಿದ ಒರಟು ಗೋಡೆಗೆ ಒಗ್ಗದು. ‘ಗಿಲಾವು’ ಹತ್ತಿರದ್ದು, ಪಾರಸಿಯಲ್ಲಿ ‘ಗಿಲ್’ ಎಂದರೆ ಮಣ್ಣೇ. ಆದರೆ ಗಿಲಾವಿನ ಮೇಲೆ ಬಳಿದ ಸುಣ್ಣ, ಕೆಮ್ಮಣ್ಣು ಅದರಲ್ಲಿ ಅಡಗುವುದಿಲ್ಲ. ಸದ್ಯಕ್ಕೆ ‘ಗೋಡೆಯ ಮೊದಲ ಮೈ’ ಎಂದು ಬರೆದುಕೊಂಡಿದ್ದೇನೆ.

ನಿಜವಾದ ತೊಡಕು ಕ್ರಿಯಾಪದದ್ದು. ಹಳೆಯ ಬಣ್ಣದ ಮೇಲೆ ಸುಣ್ಣದ ಪದರಗಳು, ಅವುಗಳ ಮೇಲೆ ಸಿಮೆಂಟು. ಸುಡದ ಮಣ್ಣು ಕರಗುವುದರಿಂದ ನೀರು ಹಾಕಿ ತೊಳೆಯುವಂತಿಲ್ಲ. ಸಿಮೆಂಟು ಮಣ್ಣಿಗಿಂತ ಗಟ್ಟಿ. ಸುತ್ತಿಗೆಯಲ್ಲಿ ಹೊಡೆದರೆ ಅಡಿಯ ಮಣ್ಣನ್ನೂ ಕಿತ್ತುಕೊಂಡು ಬೀಳುತ್ತದೆ. ಹಾಗಾಗಿ ಅಡಿಯ ಹಳೆಯ ಬಣ್ಣವನ್ನು ಕಾಣಲು ಸಂರಕ್ಷಕರು ಅಂಗೈಯಗಲದ ಜಾಗದಲ್ಲಿ, ಸಣ್ಣ ಅಲಗಿನಿಂದ, ಮೆಟ್ಟಿಲಿನಂತೆ ಒಂದೊಂದೇ ಪದರವನ್ನು ತೆಗೆದು ನೋಡುತ್ತಾರೆ. ಈ ಕೆಲಸಕ್ಕೆ ಏನೆನ್ನುವುದು?

‘ಕೆರೆ’, ‘ಹೆರೆ’ ಎಂದರೆ ಉಳಿಯಬೇಕಾದದ್ದಕ್ಕೇ ಗಾಯವಾದಂತೆ ಕೇಳಿಸುತ್ತದೆ. ‘ಸುಲಿ’ಯ ಪಕ್ಕದಲ್ಲೇ ‘ಸುಲಿಗೆ’ ನಿಂತಿದೆ. ‘ಅನಾವರಣ’ ಅಕ್ಷರಶಃ ಸರಿ, ಆದರೆ ಪ್ರತಿಮೆಗಳು ಅದನ್ನು ಕಸಿದುಕೊಂಡಿವೆ. ಹಾರ, ಮೈಕು, ಭಾಷಣವಿಲ್ಲದೆ ಈಗ ಅದು ನಡೆಯುವುದಿಲ್ಲ.

ನನ್ನ ಮನಸ್ಸು ‘ಬಿಡಿಸು’ ಕಡೆಗಿದೆ. ಗಂಟು ಬಿಡಿಸು, ಹತ್ತಿ ಬಿಡಿಸು: ಒಳಗಿನದಕ್ಕೆ ನೋವಾಗದಂತೆ ಬೇರ್ಪಡಿಸುವ ತಾಳ್ಮೆ ಆ ಪದದಲ್ಲಿದೆ. ಆದರೆ ‘ಗೋಡೆಯ ಮೇಲಿನ ಚಿತ್ತಾರವನ್ನು ಬಿಡಿಸಿದರು’ ಎಂದು ಬರೆದರೆ ಹೊಸದಾಗಿ ಬರೆದರು ಎಂದಾಯಿತು! ಸಂರಕ್ಷಕರು ಪ್ರಾಣ ಹೋದರೂ ಮಾಡಬಾರದ ಕೆಲಸ ಅದು. ‘ಸುಣ್ಣದಿಂದ’ ಎಂದು ಸೇರಿಸಿದರೆ ಇನ್ನೂ ಕೆಡುತ್ತದೆ, ಸುಣ್ಣವೇ ಬಣ್ಣವಾಗಿಬಿಡುತ್ತದೆ. ‘ಸುಣ್ಣದಡಿಯಿಂದ ಬಿಡಿಸಿದರು’ ಎಂದರೆ ಅರ್ಥ ನಿಲ್ಲುತ್ತದೆಯೇ? ಅಥವಾ ಗಾರೆ ಕೆಲಸದವರ ಬಾಯಲ್ಲಿ ಇದಕ್ಕೆ ಬೇರೆಯದೇ ಮಾತು ಇದೆಯೇ? ಅಂಥ ಮಾತು ಕಿವಿಗೆ ಬಿದ್ದವರು ದಯವಿಟ್ಟು ತಿಳಿಸಿ.