ಓದುಗರು ಜಾಸ್ತಿ, ಜಾಹೀರಾತಿನ ದುಡ್ಡು ಕಮ್ಮಿ: ಪ್ರಶ್ನೋತ್ತರ, 9 ಮೇ 2020

ಅಡ್ಮಿನ್: ಲಾಕ್‌ಡೌನ್ ಶುರುವಾದಾಗಿನಿಂದ ವೆಬ್‌ಸೈಟ್ ನಡೆಸುವವರ ನಮ್ಮ ಈ ಗುಂಪಿನಲ್ಲಿ ಒಂದೇ ಮಾತು, ವೆಬ್‌ಸೈಟಿನ ಜಾಹೀರಾತು ಆದಾಯ ಇಳಿದಿದೆ ಅಂತ. ಬೆಂಗಳೂರಿನಲ್ಲಿ ಆನ್‌ಲೈನ್ ಜಾಹೀರಾತಿನ ಕೆಲಸ ಮಾಡುವ ಮೇಡಂ ಇವತ್ತು ಇಲ್ಲೇ ಉತ್ತರ ಕೊಡುತ್ತಾರೆ. ಹೆಸರು, ಸೈಟಿನ ವಿಳಾಸ ಬೇಡ. ಊರು ಮತ್ತು ಸೈಟಿನ ವಿಷಯ ಹಾಕಿ, ಸಾಕು.

ಮೈಸೂರು, ಅಡುಗೆ: ನಮಸ್ತೆ ಮೇಡಂ. ಮನೆಯಲ್ಲೇ ಕೂತ ಜನ ಕೇಕು, ಪಾನಿಪುರಿ ಅಂತ ಹುಡುಕಿಕೊಂಡು ಬರುತ್ತಿದ್ದಾರೆ. ಓದುಗರು ಎರಡರಷ್ಟಾಗಿದ್ದಾರೆ. ದುಡ್ಡು ಮಾತ್ರ ಫೆಬ್ರವರಿಗಿಂತ ಕಮ್ಮಿ. ಇದು ಹೇಗೆ?

ಮೇಡಂ: ನಮಸ್ತೆ. ಯಾರಾದರೂ ನಿಮ್ಮ ಪುಟ ತೆರೆದ ಕ್ಷಣದಲ್ಲೇ ಅಲ್ಲಿನ ಜಾಹೀರಾತಿನ ಜಾಗ ಹರಾಜಾಗುತ್ತದೆ. ಕೂಗುವವರು ಹೆಚ್ಚಿದ್ದರೆ ಬೆಲೆ ಏರುತ್ತದೆ. ಈಗ ವಿಮಾನ, ಹೋಟೆಲ್, ಸಿನಿಮಾ, ಕಾರು, ಫ್ಲ್ಯಾಟಿನವರು ಹರಾಜಿನ ಕಡೆ ತಲೆಯೇ ಹಾಕುತ್ತಿಲ್ಲ. ಮಾರ್ಚ್ 29ಕ್ಕೆ ಶುರುವಾಗಬೇಕಿದ್ದ ಐಪಿಎಲ್ ನಿಂತಿತು, ಅದರ ಸುತ್ತ ಖರ್ಚಾಗಬೇಕಿದ್ದ ದುಡ್ಡೂ ನಿಂತಿತು. ಮೇ 3ರವರೆಗೆ ಆನ್‌ಲೈನ್ ಅಂಗಡಿಗಳು ಅಗತ್ಯ ವಸ್ತು ಬಿಟ್ಟು ಬೇರೇನೂ ಮಾರುವಂತಿರಲಿಲ್ಲ. ನಿಮ್ಮ ಮೈಸೂರು, ನಮ್ಮ ಬೆಂಗಳೂರು ಸೋಂಕು ಜಾಸ್ತಿ ಇರುವ ರೆಡ್ ಝೋನ್, ಇಲ್ಲಿ ಈಗಲೂ ಅದೇ ಕಥೆ. ಇನ್ನೊಂದು ಕಡೆ ಎಲ್ಲರೂ ಓದುತ್ತಾ ಕೂತಿರುವುದರಿಂದ ಮಾರಾಟಕ್ಕಿರುವ ಜಾಗ ಹೆಚ್ಚಾಗಿದೆ. ಕೊಳ್ಳುವವರಿಲ್ಲ, ಸರಕು ಬಿದ್ದಿದೆ. ಗೂಗಲ್‌ನ ಜಾಹೀರಾತು ಸೇವೆ ಆಡ್‌ಸೆನ್ಸ್‌ನಲ್ಲಿ ನಿಮ್ಮ ಪಾಲು ಮೊದಲಿನ 68 ಪರ್ಸೆಂಟೇ. ಹರಾಜಿನ ಮೊತ್ತವೇ ಇಳಿದಿದೆ, ಅಷ್ಟೆ.

ದಾವಣಗೆರೆ, ಉದ್ಯೋಗ ಮಾಹಿತಿ: ಯಾವಾಗ ಸರಿಹೋಗುತ್ತೆ ಮೇಡಂ?

ಮೇಡಂ: ತಾರೀಕು ಹೇಳುವವರನ್ನು ನಂಬಬೇಡಿ. ಹಿಂದಿನ ಒಂದು ಲೆಕ್ಕ ಕೊಡುತ್ತೇನೆ. 2008ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ದೊಡ್ಡ ಬ್ಯಾಂಕ್ ಲೇಮನ್ ಬ್ರದರ್ಸ್ ಮುಳುಗಿತಲ್ಲ, ಆ ವರ್ಷ ಅಮೆರಿಕದ ಇಂಟರ್‌ನೆಟ್ ಜಾಹೀರಾತು 23.4 ಬಿಲಿಯನ್ ಡಾಲರ್ ಇತ್ತು. 2009ರಲ್ಲಿ 22.7ಕ್ಕೆ ಇಳಿಯಿತು. 2010ರಲ್ಲಿ 26ಕ್ಕೆ ಏರಿತು. ಆದರೆ ಆಗ ಅಂಗಡಿ, ವಿಮಾನ ಯಾವುದೂ ಬಾಗಿಲು ಹಾಕಿರಲಿಲ್ಲ. ಅದನ್ನು ಇದಕ್ಕೆ ಹೋಲಿಸಿ ಸಾಲ ಮಾಡಬೇಡಿ.

ನ್ಯೂಜೆರ್ಸಿ, ಮನೆ ಅಲಂಕಾರ: ನಮ್ಮ ಸೈಟಿನ ಲಿಂಕ್ ಒತ್ತಿ ಯಾರಾದರೂ ಸಾಮಾನು ಕೊಂಡರೆ ಸಿಗುವ ಕಮಿಷನ್ ಅನ್ನು ಇಲ್ಲಿ ಅಮೆಜಾನ್ ಏಪ್ರಿಲ್ 21ರಿಂದ ಕಡಿತ ಮಾಡಿದೆ. ಪೀಠೋಪಕರಣಕ್ಕೆ 8 ಪರ್ಸೆಂಟ್ ಇದ್ದದ್ದು 3 ಆಗಿದೆ. ಲಿಂಕ್ ತೆಗೆದು ಬರೀ ಜಾಹೀರಾತು ಹಾಕಲೇ?

ಮೇಡಂ: ತೆಗೆಯಬೇಡಿ. 3 ಪರ್ಸೆಂಟಾದರೂ ಬರಲಿ.

ಹಾವೇರಿ, ಸ್ಥಳೀಯ ಸುದ್ದಿ: ಮೇಡಂ, ನಮ್ಮದು ಸ್ವಲ್ಪ ಬೇರೆ. ಜನವರಿಯಲ್ಲಿ 3 ಲಕ್ಷ ವ್ಯೂ, 210 ಡಾಲರ್ ಬಂದಿತ್ತು. ಏಪ್ರಿಲ್ 20ರವರೆಗೆ 4 ಲಕ್ಷ ವ್ಯೂ, ಬರೀ 88 ಡಾಲರ್. ಆಮೇಲಿನ ಹತ್ತು ದಿನದಲ್ಲಿ 2 ಲಕ್ಷ ವ್ಯೂಗೆ 96 ಡಾಲರ್ ಬಂತು! ಚೇತರಿಸಿಕೊಂಡಿತು ಅಂತ ಇಬ್ಬರು ವರದಿಗಾರರಿಗೆ ಪೂರ್ತಿ ಸಂಬಳ ಕೊಡುತ್ತೇನೆ ಅಂದಿದ್ದೇನೆ. ಸರಿ ಅಲ್ವಾ?

ಮೇಡಂ: ನಿಲ್ಲಿ. ಮಾತು ಕೊಡುವ ಮುಂಚೆ ಒಂದು ಕೆಲಸ ಮಾಡಿ. ಆ ಹತ್ತು ದಿನದ ಸಿಟಿಆರ್, ಅಂದರೆ ನೂರು ವ್ಯೂಗೆ ಬಿದ್ದ ಕ್ಲಿಕ್, ಎಷ್ಟು? ಕ್ಲಿಕ್ ಮಾಡಿದವರು ಯಾವ ಊರು, ಯಾವ ಹೊತ್ತು, ಎಲ್ಲಿಂದ ಬಂದವರು ಅಂತ ಓದುಗರ ಲೆಕ್ಕ ತೋರಿಸುವ ಅನಲಿಟಿಕ್ಸ್‌ನಲ್ಲಿ ನೋಡಿ ಇಲ್ಲಿ ಹಾಕಿ.

ಕಲಬುರಗಿ, ಸುದ್ದಿ: ಎಲ್ಲರಿಗೂ ಉಪಯೋಗ ಆಗಲಿ, ಫಾರ್ವರ್ಡ್ ಬಂದದ್ದು. 1. 'ಕೊರೊನಾ' ಬದಲು 'ಆ ಕಾಯಿಲೆ' ಅಂತ ಬರೆಯಿರಿ, ದರ ಮೂರು ಪಟ್ಟು. 2. ವಿಪಿಎನ್ ಹಾಕಿ ಅಮೆರಿಕದಿಂದ ನೋಡಿದ ಹಾಗೆ ನಿಮ್ಮ ಸೈಟ್ ತೆರೆಯಿರಿ. 3. ಪ್ರತಿ ಪ್ಯಾರಾ ಕೆಳಗೆ ಒಂದು ಜಾಹೀರಾತು.

ಮೇಡಂ: ಎರಡನೆಯದು ಮೋಸ, ಖಾತೆ ಹೋಗುತ್ತದೆ. ಮೂರನೆಯದರಿಂದ ಓದುಗ ಓಡಿಹೋಗುತ್ತಾನೆ. ಮೊದಲನೆಯದರಲ್ಲಿ ಒಂದು ಚೂರು ನಿಜ ಇದೆ. ಎಷ್ಟೋ ಬ್ರ್ಯಾಂಡ್‌ಗಳು ಈ ಪದ ಇರುವ ಪುಟದಲ್ಲಿ ನಮ್ಮ ಜಾಹೀರಾತು ಬೇಡ ಅಂತ ತಡೆಪಟ್ಟಿ ಇಟ್ಟುಕೊಂಡಿವೆ. ಹಾಗೆ ತಡೆಯಬೇಡಿ ಅಂತ ಬ್ರಿಟನ್ನಿನ ಪತ್ರಿಕೆಗಳು ಬಹಿರಂಗವಾಗಿ ಕೇಳಿಕೊಂಡಿವೆ. ಅದಕ್ಕಾಗಿ ಸುದ್ದಿಯಲ್ಲಿ ಕಾಯಿಲೆಯ ಹೆಸರನ್ನೇ ಮುಚ್ಚಿಟ್ಟರೆ, ಅದನ್ನೇ ಹುಡುಕುವ ಜನಕ್ಕೆ ನಿಮ್ಮ ಸುದ್ದಿ ಸಿಗುವುದೇ ಇಲ್ಲ.

ಬಾಗಲಕೋಟೆ, ಸುದ್ದಿ: ಗೂಗಲ್ ಸಣ್ಣ ಸುದ್ದಿ ಸಂಸ್ಥೆಗಳಿಗೆ ನೆರವು ಕೊಡುತ್ತಿದೆಯಂತೆ?

ಮೇಡಂ: ಅರ್ಜಿ ಏಪ್ರಿಲ್ 29ಕ್ಕೇ ಮುಗಿಯಿತು.

ಶಿವಮೊಗ್ಗ, ಕೃಷಿ: ಕಲಬುರಗಿಯವರೇ, ದರ ಮೂರು ಪಟ್ಟು ಮಾಡುವ ಮೊದಲು ಬೇರೆಯವರ ಬರಹ ಎತ್ತಿ ಹಾಕುವುದು ಬಿಡಿ. ನನ್ನ ಅಡಿಕೆ ಕೊಳೆರೋಗದ ಲೇಖನ, ನಾನೇ ತೆಗೆದ ಫೋಟೊ ಸಮೇತ ನಿಮ್ಮ ಸೈಟಿನಲ್ಲಿದೆ.

ಕಲಬುರಗಿ, ಸುದ್ದಿ: ಕೃಪೆ ಅಂತ ಹಾಕಿದ್ದೇವೆ ನೋಡ್ರಿ.

ಶಿವಮೊಗ್ಗ, ಕೃಷಿ: 'ಕೃಪೆ: ಅಂತರ್ಜಾಲ' ಅಂತ ಹಾಕಿದ್ದೀರಿ. ಅಂತರ್ಜಾಲ ತೋಟಕ್ಕೆ ಹೋಗಿ ಫೋಟೊ ತೆಗೆಯಿತಾ?

ಹಾವೇರಿ, ಸ್ಥಳೀಯ ಸುದ್ದಿ: ಮೇಡಂ, ನೋಡಿದೆ. ಸಿಟಿಆರ್ ಮೊದಲು 1.1, ಈಗ 6 ಹತ್ತಿರ. ಹೆಚ್ಚಿನವರು ಹಾವೇರಿ, ರಾಣೆಬೆನ್ನೂರಿನವರೇ. ಎಲ್ಲ ಮೊಬೈಲ್. ರಾತ್ರಿ 9ರಿಂದ 10, ವಾಟ್ಸಾಪ್ ಲಿಂಕ್‌ನಿಂದ ಬಂದವರು. ಊರಿನ ಹುಡುಗರನ್ನು ಕೇಳಿದೆ. 'ಅಣ್ಣಂಗೆ ಸಹಾಯ ಆಗಲಿ' ಅಂತ ದಿನಾ ಜಾಹೀರಾತು ಒತ್ತುತ್ತಿದ್ದರಂತೆ.

ಮೇಡಂ: ನನಗಿದ್ದ ಭಯವೂ ಇದೇ. ಸಾವಿರ ವ್ಯೂಗೆ ಲೆಕ್ಕ ಹಾಕಿದರೆ ಕ್ಲಿಕ್ ಐದು ಪಟ್ಟಾಗಿದೆ, ದುಡ್ಡು ಎರಡು ಪಟ್ಟಿಗಿಂತ ಸ್ವಲ್ಪ ಜಾಸ್ತಿ ಅಷ್ಟೆ. ಅಂದರೆ ಪ್ರತಿ ಕ್ಲಿಕ್ಕಿನ ಬೆಲೆ ಕುಸಿದಿದೆ. ಈ ಕ್ಲಿಕ್‌ಗಳಿಂದ ಜಾಹೀರಾತು ಕೊಟ್ಟವರಿಗೆ ಒಬ್ಬ ಗಿರಾಕಿಯೂ ಸಿಕ್ಕುವುದಿಲ್ಲ. ಹುಡುಗರ ಮನಸ್ಸು ಒಳ್ಳೆಯದೇ, ಆದರೆ ಕಷ್ಟಕಾಲದಲ್ಲಿ ದುಡ್ಡು ಕೊಟ್ಟು ಜಾಹೀರಾತು ಹಾಕಿದ ಯಾವುದೋ ಸಣ್ಣ ವ್ಯಾಪಾರಿಗೆ ಇದು ನಷ್ಟ. ಆ 96 ಡಾಲರಿನಲ್ಲಿ ಒಂದು ಭಾಗವನ್ನು ಗೂಗಲ್ ಕಡಿದು ಅವರಿಗೆ ವಾಪಸ್ ಕೊಡಬಹುದು. ಕಡಿದರೆ ಚಿಂತೆಯಿಲ್ಲ, ಖಾತೆಯನ್ನೇ ಮುಚ್ಚಿದರೆ ಮತ್ತೆ ತೆರೆಸುವುದು ಬಹಳ ಕಷ್ಟ.

ಇವತ್ತೇ ಹುಡುಗರಿಗೆ ಹೇಳಿ ನಿಲ್ಲಿಸಿ. ಗುಂಪಿನಲ್ಲಿ ಬರೆದು ಬಿಡಬೇಡಿ, ಒಬ್ಬೊಬ್ಬರಿಗೂ ಫೋನ್ ಮಾಡಿ. ಆಡ್‌ಸೆನ್ಸ್ ಸಹಾಯ ಪುಟದಲ್ಲಿ ಅಮಾನ್ಯ ಕ್ಲಿಕ್ ತಿಳಿಸುವ ಫಾರಂ ಇದೆ. ತಾರೀಕು, ಹೊತ್ತು, ಊರು, ಕಾರಣ ಇದ್ದದ್ದು ಇದ್ದ ಹಾಗೆ ಬರೆಯಿರಿ. ಸುಳ್ಳು ಸೇರಿಸಬೇಡಿ.

ಸಂಬಳದ ಲೆಕ್ಕವನ್ನು ಆ 88 ಡಾಲರ್ ಮೇಲೆ ಹಾಕಿ. ಸಾವಿರ ವ್ಯೂಗೆ ಜನವರಿಯಲ್ಲಿ 70 ಸೆಂಟ್ ಬರುತ್ತಿತ್ತು, ಈಗ 22. ಇದು ನಿಮ್ಮ ನಿಜವಾದ ದರ. ಉಳಿದದ್ದನ್ನು ಊರಿನಲ್ಲೇ ಹುಡುಕಬೇಕು. ಮುಂಗಾರು ಬಿತ್ತನೆ ಹತ್ತಿರ ಬಂತು. ಬೀಜ, ಗೊಬ್ಬರದ ಅಂಗಡಿ ತೆರೆದಿವೆ. ಗೋವಿನಜೋಳದ ಬೀಜ ಯಾವ ಅಂಗಡಿಯಲ್ಲಿ ಬಂದಿದೆ, ಟ್ರ್ಯಾಕ್ಟರ್ ಬಾಡಿಗೆಗೆ ಎಲ್ಲಿ ಸಿಗುತ್ತದೆ ಅನ್ನುವುದು ನಿಮ್ಮ ಓದುಗನಿಗೆ ಬೇಕಾದ ವಿಷಯ. ತಿಂಗಳಿಗೆ ಇಷ್ಟು ಅಂತ ನೇರ ಮಾತಾಡಿ, 'ಜಾಹೀರಾತು' ಅಂತ ಸ್ಪಷ್ಟವಾಗಿ ಬರೆದು ಹಾಕಿ. ಅಂಥ ನಾಲ್ಕು ಅಂಗಡಿ ಸಿಕ್ಕರೆ ಒಬ್ಬ ವರದಿಗಾರನನ್ನಾದರೂ ಉಳಿಸಿಕೊಳ್ಳಬಹುದು.

ತುಮಕೂರು, ಪ್ರವಾಸ: ನಮ್ಮ ಸೈಟಿಗೆ ಓದುಗರೇ ಇಲ್ಲ ಮೇಡಂ. ಆಗುಂಬೆ, ಹಂಪಿ ಅಂತ ಯಾರೂ ಹುಡುಕುತ್ತಿಲ್ಲ. ಏನು ಮಾಡಲಿ?

ಕೋಲಾರ, ತಂತ್ರಜ್ಞಾನ: ಯಾವಾಗ ಸರಿಹೋಗಬಹುದು?

ಮೇಡಂ: ಮೇಲೆ ಹೇಳಿದ್ದೇನೆ.

ಕಲಬುರಗಿ, ಸುದ್ದಿ: ನಲವತ್ತು ಜನ ಸೇರಿ ಒಬ್ಬರ ಸೈಟ್ ಒಬ್ಬರು ಕ್ಲಿಕ್ ಮಾಡುವ ಗುಂಪೊಂದು ಇದೆ. ಬೇಕಾದವರು ಇನ್‌ಬಾಕ್ಸ್‌ಗೆ ಬನ್ನಿ.

ಮೇಡಂ: ಮೇಲಿನ ಹಾವೇರಿಯವರ ಉತ್ತರ ಓದಿದ ಮೇಲೂ ಇದನ್ನು ಹಾಕಿದಿರಾ? ಅಡ್ಮಿನ್, ದಯವಿಟ್ಟು ಇದನ್ನು ಅಳಿಸಿ. ನಲವತ್ತು ಮನೆಯ ಆದಾಯ ಒಟ್ಟಿಗೇ ಹೋಗುತ್ತದೆ.

ಶಿವಮೊಗ್ಗ, ಕೃಷಿ: ನನ್ನ ಫೋಟೊ ಇನ್ನೂ ತೆಗೆದಿಲ್ಲ.

ಕಲಬುರಗಿ, ಸುದ್ದಿ: ತೆಗಿತೀನ್ರಿ. ಒಂದು ಫೋಟೊಗೆ ಎಷ್ಟು ಮಾತು? ನಮಗೂ ಮನೆ ಮಕ್ಕಳು ಇದ್ದಾರೆ.

ಶಿವಮೊಗ್ಗ, ಕೃಷಿ: ನಮಗಿಲ್ಲವಾ? ನಾನು ಬರೆದದ್ದಕ್ಕೆ ಬರುವ ಓದುಗರನ್ನು ನೀವು ಎಳೆದುಕೊಂಡರೆ ನಮ್ಮ ಮನೆ ನಡೆಯುವುದು ಹೇಗೆ?

ಮೈಸೂರು, ಅಡುಗೆ: ನನ್ನ ಪಾಕವಿಧಾನಗಳೂ ಹೀಗೇ ಹೋಗಿವೆ. ಕೇಳಿದರೆ ಬ್ಲಾಕ್ ಮಾಡುತ್ತಾರೆ.

ಅಡ್ಮಿನ್: ಇಬ್ಬರೂ ನಿಲ್ಲಿಸಿ. ಕ್ಲಿಕ್ ಗುಂಪಿನ ಲಿಂಕ್ ಇನ್ನೊಮ್ಮೆ ಹಾಕಿದರೆ ಹೊರಗೆ ಕಳಿಸುತ್ತೇನೆ.

ದಾವಣಗೆರೆ, ಉದ್ಯೋಗ ಮಾಹಿತಿ: ಮೇಡಂ, ಜೂನ್‌ನಲ್ಲಾದರೂ ಸರಿಹೋಗುತ್ತಾ?

ಮೇಡಂ: ಇದು ಮೂರನೇ ಸಲ. ಇನ್ನು ಇದಕ್ಕೆ ಉತ್ತರ ಕೊಡುವುದಿಲ್ಲ.

ಹಾವೇರಿ, ಸ್ಥಳೀಯ ಸುದ್ದಿ: ಫಾರಂ ಕಳಿಸಿದೆ ಮೇಡಂ. ಹುಡುಗರಿಗೆಲ್ಲ ಫೋನ್ ಮಾಡಿದೆ, ಒಬ್ಬ ಬೇಜಾರಾದ. ವರದಿಗಾರರಿಗೆ ಈ ತಿಂಗಳು ಅರ್ಧ ಕೊಡುತ್ತೇನೆ ಅಂತ ಹೇಳಿದೆ. ಸೋಮವಾರ ಗೊಬ್ಬರದ ಅಂಗಡಿಗೆ ಹೋಗುತ್ತೇನೆ. ಎಷ್ಟು ಕೇಳಲಿ?

ಮೇಡಂ: ಮೊದಲ ತಿಂಗಳು 1,000 ರೂಪಾಯಿ ಕೇಳಿ ನೋಡಿ, ರಸೀದಿ ಕೊಡಿ. ಎಷ್ಟು ಜನ ನೋಡಿದರು ಅಂತ ವಾರಕ್ಕೊಮ್ಮೆ ನಿಜವಾದ ಲೆಕ್ಕ ತೋರಿಸಿ. ಆಡ್‌ಸೆನ್ಸ್ ಪಾವತಿ 21ರಿಂದ 26ರೊಳಗೆ ಬರುತ್ತದೆ. ಎಷ್ಟು ಕಡಿದರು ಅಂತ ಆಗ ನನಗೆ ಬರೆಯಿರಿ. ನಾನು ನೋಡುತ್ತೇನೆ.

ತುಮಕೂರು, ಪ್ರವಾಸ: ಮೇಡಂ, ನನ್ನ ಪ್ರಶ್ನೆ?

ಅಡ್ಮಿನ್: ಮೇಡಂ ಹೊರಟರು. ಕಮೆಂಟ್ ಮುಚ್ಚುತ್ತಿದ್ದೇನೆ.