ಕಪ್ಪು ಮಕ್ಕಳ ಓದು: ತಪ್ಪು ಮನೆಯದಾ, ಶಾಲೆಯದಾ? (ಅಡ್ಡಹೆಸರಿನಲ್ಲಿ ಬರೆದವರ ನಡುವಿನ ಚರ್ಚೆ)

ಮೇಷ್ಟ್ರು: ಅಮೆರಿಕದ ಶಾಲೆಗಳಲ್ಲಿ ಕಪ್ಪು ಮಕ್ಕಳ ಸರಾಸರಿ ಅಂಕ ಬಿಳಿ ಮಕ್ಕಳಿಗಿಂತ ಕಡಿಮೆ. ಯಾಕೆ ಎಂದರೆ ಪ್ರೊಫೆಸರುಗಳು ಬಡತನ, ಜನಾಂಗಭೇದ ಎನ್ನುತ್ತಾರೆ. ಜಾನ್ ಒಗ್ಬು ಧೈರ್ಯವಾಗಿ ಬೇರೆ ಮಾತು ಹೇಳಿದರು. ಅವರು ನೈಜೀರಿಯಾದಲ್ಲಿ ಹುಟ್ಟಿ ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಮಾನವಶಾಸ್ತ್ರ ಕಲಿಸಿದವರು. 1986ರಲ್ಲಿ ಮಾನವಶಾಸ್ತ್ರಜ್ಞೆ ಸಿಗ್ನಿಥಿಯಾ ಫೋರ್ಡಮ್ ಜೊತೆ ಬರೆದ ಲೇಖನ ನೋಡಿ. ವಾಷಿಂಗ್ಟನ್ನಿನ ಒಂದು ಹೈಸ್ಕೂಲಿನಲ್ಲಿ ಜಾಣ ಕಪ್ಪು ಮಕ್ಕಳು ತಮ್ಮ ಜಾಣತನ ಬಚ್ಚಿಡುತ್ತಿದ್ದರು. 'ಬಿಳಿಯರ ಥರ ಆಡ್ತೀಯ' ಎಂದು ಗೆಳೆಯರು ಆಡಿಕೊಳ್ಳುತ್ತಾರೆ ಎಂಬ ಭಯ. ಓದಿನ ಸಂಸ್ಕೃತಿಯೇ ಇಲ್ಲದಿದ್ದರೆ ಸರ್ಕಾರ ಎಷ್ಟು ದುಡ್ಡು ಸುರಿದರೂ ಉಪಯೋಗವಿಲ್ಲ. ನಮ್ಮ ಜನ ಅಲ್ಲಿಗೆ ಹೋಗಿ ಮುಂದೆ ಬಂದಿಲ್ವಾ?

ಅಂಕಿಅಂಶ: 'ಒಂದು ಹೈಸ್ಕೂಲು' ಎಂದು ನೀವೇ ಬರೆದಿದ್ದೀರಿ. ಅಲ್ಲಿ ಹತ್ತಿರದಿಂದ ನೋಡಿದ್ದು 33 ಮಕ್ಕಳನ್ನು. ಅಷ್ಟರಿಂದ ಕೋಟಿಗಟ್ಟಲೆ ಜನರ ಸಂಸ್ಕೃತಿಯ ಮೇಲೆ ತೀರ್ಪು ಕೊಡುವುದು ಸರಿನಾ? 1998ರಲ್ಲಿ ಸಮಾಜಶಾಸ್ತ್ರಜ್ಞರಾದ ಐನ್ಸ್‌ವರ್ತ್-ಡಾರ್ನೆಲ್ ಮತ್ತು ಡೌನಿ ಇಡೀ ದೇಶದ ಸಮೀಕ್ಷೆಯನ್ನೇ ತೆಗೆದು ನೋಡಿದರು. ಕಪ್ಪು ಮಕ್ಕಳಿಗೆ ಓದೆಂದರೆ ಅಸಡ್ಡೆ ಎಂಬುದಕ್ಕೆ ಆಧಾರ ಸಿಗಲಿಲ್ಲ.

ಅಟ್ಲಾಂಟಾ ಅಮ್ಮ: 'ನಮ್ಮ ಜನ ಮುಂದೆ ಬಂದಿಲ್ವಾ' ಅಂತೀರಲ್ಲ ಮೇಷ್ಟ್ರೇ, ಬಂದವರು ಯಾರು? 1965ರಲ್ಲಿ ವಲಸೆ ಕಾನೂನು ಬದಲಾದ ಮೇಲೆ ಡಾಕ್ಟರು, ಇಂಜಿನಿಯರುಗಳನ್ನು ಆರಿಸಿ ಒಳಗೆ ಬಿಟ್ಟರು. ನನ್ನ ಗಂಡನೂ ಹಾಗೇ ಬಂದವರು. ತಾವಾಗಿ ಬಂದವರು ಬೇರೆ, ಗುಲಾಮರಾಗಿ ಎಳೆದು ತಂದವರ ಮಕ್ಕಳು ಬೇರೆ ಎಂದು ಒಗ್ಬು ಅವರೇ ಬರೆದಿದ್ದಾರೆ. ನೀವು ಅವರನ್ನು ಅರ್ಧ ಓದಿದ್ದೀರಿ.

ಮೇಷ್ಟ್ರು: ಅರ್ಧ ಓದಿದವನು ನಾನಲ್ಲ ಮೇಡಂ. ಕ್ಲೀವ್‌ಲ್ಯಾಂಡ್ ಪಕ್ಕದ ಶೇಕರ್ ಹೈಟ್ಸ್ ಅನುಕೂಲಸ್ಥರ ಊರು. 1997ರಲ್ಲಿ ಅಲ್ಲಿನ ಕಪ್ಪು ತಂದೆತಾಯಿಗಳೇ ತಮ್ಮ ಮಕ್ಕಳು ಯಾಕೆ ಹಿಂದೆ ಎಂದು ನೋಡಲು ಒಗ್ಬು ಅವರನ್ನು ಕರೆಸಿದರು. ಆಗ ಕಪ್ಪು ಮಕ್ಕಳ ಸರಾಸರಿ ಗ್ರೇಡ್ 1.9, ಬಿಳಿ ಮಕ್ಕಳದು 3.45. ಇಲ್ಲಿ ಬಡತನ ಎಲ್ಲಿದೆ ತೋರಿಸಿ.

ಬಯಲುಸೀಮೆ: ಅಂಕಿಅಂಶ ಅವರೇ, 33 ಎಂದು ಅಷ್ಟು ಸುಲಭವಾಗಿ ತಳ್ಳಿಹಾಕಬೇಡಿ. ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ 1948ರಲ್ಲಿ ಮೈಸೂರು ಸೀಮೆಯ ರಾಂಪುರದಲ್ಲಿ ಕೂತರು. ಒಂದೇ ಹಳ್ಳಿ. 'ಪ್ರಬಲ ಜಾತಿ' (ಜನಬಲ, ಜಮೀನು ಹೆಚ್ಚಿದ್ದು ಊರಿನ ಮೇಲೆ ಹಿಡಿತ ಇರುವ ಜಾತಿ) ಎಂಬ ವಿಚಾರವನ್ನು ಅಲ್ಲಿಂದಲೇ ವಿವರಿಸಿದರು, ಇವತ್ತಿಗೂ ದೇಶವೆಲ್ಲ ಬಳಸುತ್ತದೆ. ಚೀಟಿ ಹಂಚಿ 'ಓದು ಮುಖ್ಯವಾ' ಎಂದು ಕೇಳಿದರೆ ಯಾವ ಮಗುವಾದರೂ ಹೌದು ಎಂದೇ ಗೀಟು ಹಾಕುತ್ತದೆ. ಜೊತೆಗಿದ್ದು ನೋಡಿದವರಿಗೇ ನಿಜ ಗೊತ್ತಾಗುವುದು.

ಅಂಕಿಅಂಶ: ಜೊತೆಗಿದ್ದು ನೋಡಿದರೆ ನಿಜ ಗೊತ್ತಾಗುತ್ತದಾ? ಶ್ರೀನಿವಾಸ್ ರಾಂಪುರವನ್ನು ಮೇಲುಜಾತಿಯವರ ಜಗಲಿಯಿಂದ ನೋಡಿದರು ಎಂಬ ಟೀಕೆ ಇದೆ. ಎಲ್ಲಿ ಕೂರುತ್ತೇವೋ ಅಲ್ಲಿಂದ ಕಾಣುವುದಷ್ಟೇ ಕಾಣುತ್ತದೆ.

ಬಯಲುಸೀಮೆ: ಶ್ರೀನಿವಾಸರನ್ನು ಹಗುರವಾಗಿ ಮಾತಾಡಬೇಡಿ. ತಮಗೆ ಎಲ್ಲ ಕಂಡಿಲ್ಲ ಎಂದು ಅವರೇ ಬರೆದುಕೊಂಡಿದ್ದಾರೆ. ಸಮೀಕ್ಷೆ ಮಾಡುವವರು ಯಾರಾದರೂ ಹಾಗೆ ಹೇಳಿದ್ದಾರಾ?

ಅಂಕಿಅಂಶ: ಸಮೀಕ್ಷೆಯಲ್ಲಿ ತಪ್ಪಿನ ಲೆಕ್ಕ ಕೊಟ್ಟೇ ಕೊಡುತ್ತಾರೆ. ಎಷ್ಟು ಆಚೀಚೆ ಆಗಬಹುದು ಎಂದು ಮೊದಲೇ ಹೇಳುತ್ತಾರೆ. ಜಗಲಿಯ ಮೇಲೆ ಕೂತವರಿಗೆ ಆ ಲೆಕ್ಕವಿಲ್ಲ.

ತುಂಗೆ: ಸ್ವಲ್ಪ ರಾಂಪುರ ಬಿಟ್ಟು ಬನ್ನಿ. ವಿಸ್ಕಾನ್ಸಿನ್‌ನಲ್ಲಿದ್ದ ಶಿಕ್ಷಣತಜ್ಞೆ ಗ್ಲೋರಿಯಾ ಲ್ಯಾಡ್ಸನ್-ಬಿಲ್ಲಿಂಗ್ಸ್ ಇದನ್ನೇ ಬೇರೆ ಕಡೆಯಿಂದ ನೋಡಿದರು. ಅಂಕದ ಅಂತರ ಎನ್ನಬೇಡಿ, ತಲೆಮಾರುಗಳಿಂದ ತೀರಿಸದೆ ಉಳಿದ ಸಾಲ ಎನ್ನಿ ಎಂದು 2006ರ ಭಾಷಣದಲ್ಲಿ ಹೇಳಿದರು. ಅವರು ಕೊಟ್ಟ ಲೆಕ್ಕ ಇದು: ಷಿಕಾಗೋ ಸರ್ಕಾರಿ ಶಾಲೆಯಲ್ಲಿ ಮಗುವಿಗೆ ವರ್ಷಕ್ಕೆ 8,482 ಡಾಲರ್ ಖರ್ಚು, ಪಕ್ಕದ ಹೈಲ್ಯಾಂಡ್ ಪಾರ್ಕಿನಲ್ಲಿ 17,291. ಆಗ ಷಿಕಾಗೋ ಶಾಲೆಗಳಲ್ಲಿ 87% ಮಕ್ಕಳು ಕಪ್ಪು ಅಥವಾ ಲ್ಯಾಟಿನೋ. ಹೈಲ್ಯಾಂಡ್ ಪಾರ್ಕಿನಲ್ಲಿ 90% ಬಿಳಿಯರು. ಆಯಾ ಊರಿನ ಮನೆತೆರಿಗೆಯಿಂದ ಶಾಲೆ ನಡೆಸಿದರೆ ಇನ್ನೇನಾಗುತ್ತದೆ?

ಬಯಲುಸೀಮೆ: ರಾಂಪುರ ಬಿಟ್ಟು ಯಾಕೆ ಬರಬೇಕು? ಒಬ್ಬ ಕನ್ನಡಿಗ ಕಲಿಸಿಕೊಟ್ಟ ದಾರಿ ಅದು. ಫೋರ್ಡಮ್ ಅದೇ ದಾರಿಯಲ್ಲಿ ನಡೆದರು.

ಅಂಕಿಅಂಶ: ಕನ್ನಡಿಗ ಎಂಬುದಕ್ಕೂ ಇದಕ್ಕೂ ಏನು ಸಂಬಂಧ ಸರ್? ಹಳ್ಳಿ ಹೇಗೆ ನಡೆಯುತ್ತದೆ ಎಂದು ಒಂದು ಹಳ್ಳಿಯಿಂದ ಹೇಳಬಹುದು. ದೇಶದಲ್ಲಿ ಎಷ್ಟು ಮಕ್ಕಳು ಹಾಗಿದ್ದಾರೆ ಎಂದು ಹೇಳಲಾಗದು. ಮೇಷ್ಟ್ರು ಹೇಳುತ್ತಿರುವುದು ಎರಡನೆಯದು.

ಬಯಲುಸೀಮೆ: ಸುಮ್ನೆ ಮಾತು ತಿರುಗಿಸುತ್ತಿದ್ದೀರಿ. ಹೊಲಕ್ಕೆ ಇಳಿಯದವರು ಬೆಳೆಯ ಬಗ್ಗೆ ಪಾಠ ಹೇಳುವುದು ನನಗೆ ಆಗಿಬರುವುದಿಲ್ಲ. ನಿಮ್ಮ ಜೊತೆ ಇನ್ನು ವಾದವಿಲ್ಲ.

ಮೇಷ್ಟ್ರು: ತುಂಗೆಯವರೇ, 'ಖರ್ಚು' ಎಂದಿರಿ. 1966ರಲ್ಲಿ ಅಮೆರಿಕ ಸರ್ಕಾರಕ್ಕಾಗಿ ಸಮಾಜಶಾಸ್ತ್ರಜ್ಞ ಜೇಮ್ಸ್ ಕೋಲ್ಮನ್ ಮಾಡಿದ ವರದಿ ಆರು ಲಕ್ಷದಷ್ಟು ಮಕ್ಕಳನ್ನು ಪರೀಕ್ಷಿಸಿ ಹೇಳಿದ್ದೇನು? ಶಾಲೆಯ ಖರ್ಚಿಗಿಂತ ಮನೆಯ ಹಿನ್ನೆಲೆಯೇ ಜಾಸ್ತಿ ಲೆಕ್ಕಕ್ಕೆ ಬರುತ್ತದೆ ಎಂದು. ಇದು 33 ಅಲ್ಲ.

ತುಂಗೆ: ಅದೇ ವರದಿ ಜೊತೆಯಲ್ಲಿ ಓದುವ ಮಕ್ಕಳು ಯಾರು ಎಂಬುದೂ ಮುಖ್ಯ ಎಂದಿತು. ಬಡ ಕಪ್ಪು ಮಕ್ಕಳನ್ನೆಲ್ಲ ಒಂದೇ ಕಡೆ ತುಂಬಿದರೆ ನಷ್ಟ ಯಾರಿಗೆ? ಆ ಸಾಲು ಯಾಕೆ ಬಿಟ್ಟಿರಿ?

ಅಟ್ಲಾಂಟಾ ಅಮ್ಮ: 'ಜೊತೆಯಲ್ಲಿ ಓದುವವರು' ಎಂಬ ಮಾತಿಗೆ ಬಂದಿರಿ, ಒಳ್ಳೆಯದಾಯಿತು. ನನ್ನ ಮಗಳ ಶಾಲೆಯ ಕಾರಿಡಾರಿನಲ್ಲಿ ಎಲ್ಲ ಬಣ್ಣದ ಮಕ್ಕಳಿದ್ದಾರೆ. ಮೇಲಿನ ಮಟ್ಟದ ಗಣಿತದ ಕ್ಲಾಸಿಗೆ ಹೋದರೆ ಬಿಳಿಯರು ಮತ್ತು ನಮ್ಮವರು ಮಾತ್ರ. 2005ರಲ್ಲಿ ಸಂಶೋಧಕರಾದ ಕ್ಯಾರೊಲಿನ್ ಟೈಸನ್, ವಿಲಿಯಂ ಡ್ಯಾರಿಟಿ ಮತ್ತು ಡೊಮಿನಿ ಕ್ಯಾಸ್ಟಲಿನೊ ನಾರ್ತ್ ಕ್ಯಾರೊಲಿನಾದ ಶಾಲೆಗಳಲ್ಲಿ ಕಂಡಿದ್ದೂ ಇದನ್ನೇ. ಆಡಿಕೊಳ್ಳುವುದು ಎಲ್ಲ ಶಾಲೆಯಲ್ಲಿ ಇರಲಿಲ್ಲ. ಮೇಲಿನ ಕ್ಲಾಸುಗಳನ್ನು ಬಿಳಿ ಮಕ್ಕಳಿಗೇ ಎಂಬಂತೆ ನಡೆಸುವ ಕಡೆ ಹುಟ್ಟುತ್ತಿತ್ತು. ಬಡ ಬಿಳಿ ಮಕ್ಕಳಿಗೂ ಅಂಥದ್ದೇ ಕಾಟ ಇತ್ತು.

ಮೇಷ್ಟ್ರು: 'ಹುಟ್ಟುತ್ತಿತ್ತು' ಎಂದಿರಿ. ಹಾಗಾದರೆ ಆಡಿಕೊಳ್ಳುವುದು ಇದೆ ಎಂದಾಯಿತು. ನಾನು ಮೊದಲಿನಿಂದ ಹೇಳಿದ್ದೂ ಅದೇ.

ಅಂಕಿಅಂಶ: ಅಲ್ಲ. ನೀವು ಹೇಳಿದ್ದು ಸಂಸ್ಕೃತಿ. ಹಾರ್ವರ್ಡ್‌ನ ಅರ್ಥಶಾಸ್ತ್ರಜ್ಞ ರೋಲ್ಯಾಂಡ್ ಫ್ರೈಯರ್ 2006ರಲ್ಲಿ ಸುಮಾರು 90,000 ಮಕ್ಕಳ ಸಮೀಕ್ಷೆ ನೋಡಿದರು. ಅಂಕ ಏರಿದಂತೆ ಕಪ್ಪು ಮಕ್ಕಳ ಗೆಳೆಯರು ಕಡಿಮೆಯಾಗುವುದು ಕಂಡಿದ್ದು ಮುಖ್ಯವಾಗಿ ಕಪ್ಪು ಮಕ್ಕಳು 20%ಗಿಂತ ಕಡಿಮೆ ಇರುವ ಸರ್ಕಾರಿ ಶಾಲೆಗಳಲ್ಲಿ. ಅವರೇ ಹೆಚ್ಚಿರುವ ಶಾಲೆಗಳಲ್ಲಿ ಅದು ಕಾಣಲಿಲ್ಲ. ಮನೆಯಿಂದ ತಂದದ್ದಾದರೆ ಅಲ್ಲೇ ಜಾಸ್ತಿ ಕಾಣಬೇಕಿತ್ತಲ್ವಾ?

ಮೇಷ್ಟ್ರು: ಫೋರ್ಡಮ್ ನೋಡಿದ ಶಾಲೆಯಲ್ಲಿ ಹೆಚ್ಚುಕಡಿಮೆ ಎಲ್ಲರೂ ಕಪ್ಪು ಮಕ್ಕಳೇ. ಅಲ್ಲಿ ಕಂಡಿತಲ್ಲ? ಫ್ರೈಯರ್ ಹೇಳಿದ ಮೊದಲ ಭಾಗ ನನಗೆ ಸಾಕು.

ಅಟ್ಲಾಂಟಾ ಅಮ್ಮ: ನಿಮಗೆ ಮೊದಲ ಭಾಗ ಸಾಕಾಗಬಹುದು, ನನಗೆ ಸಾಲದು. ಮೇಲಿನ ಕ್ಲಾಸಿಗೆ ಮಕ್ಕಳನ್ನು ಆರಿಸುವುದು ಟೀಚರು. ಆರಿಸದಿದ್ದರೆ ಹೋಗಿ ಜಗಳ ಆಡಿ ಸೇರಿಸುವುದು ನಮ್ಮಂಥ ತಂದೆತಾಯಿಗಳು. ನಾನೂ ಆಡಿದ್ದೇನೆ. ನನ್ನ ಮಗಳ ಗೆಳತಿಯ ತಾಯಿಗೆ ರಾತ್ರಿ ಪಾಳಿಯ ಕೆಲಸ, ಆಕೆ ಯಾವಾಗ ಬಂದು ಜಗಳ ಆಡಬೇಕು? ಆ ಹುಡುಗಿ ಗಣಿತದಲ್ಲಿ ನನ್ನ ಮಗಳಿಗಿಂತ ಚುರುಕು. ಇನ್ನೂ ಕೆಳಗಿನ ಕ್ಲಾಸಿನಲ್ಲೇ ಇದ್ದಾಳೆ.